ಆನೆಕಾಲು: ಹುಳುವಿನೊಡನೆ ದೇಹದ ರಾಜಿ

ಮಂಗಳೂರಿನ ಜೆಪ್ಪು ನೇತ್ರಾವತಿಯ ಮಗ್ಗುಲಲ್ಲಿರುವ ಹಳೆಯ ಪ್ರದೇಶ. 1865ರಲ್ಲಿ ಬಾಸೆಲ್ ಮಿಶನ್ ತನ್ನ ಮೊದಲ ಹೆಂಚಿನ ಕಾರ್ಖಾನೆ ತೆರೆದದ್ದು ಈ ನದಿಯ ದಂಡೆಯಲ್ಲೇ. ಧೋ ಎಂದು ಸುರಿಯುವ ಮಳೆ, ತಗ್ಗು ನೆಲ, ತೋಡು, ಚರಂಡಿ ಇರುವಲ್ಲಿ ಸೊಳ್ಳೆಗೆ ಬರವೆಲ್ಲಿ? ಕರಾವಳಿಯಲ್ಲಿ ಆನೆಕಾಲು ರೋಗ ಬಹುಕಾಲ ಬೇರುಬಿಟ್ಟದ್ದಕ್ಕೆ ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯೇ ಕಾರಣ.

ಸೊಳ್ಳೆ ಬರಿಯ ವಾಹನ. ನಿಜವಾದ ಅಪರಾಧಿ ನೂಲಿನಂಥ ಒಂದು ಹುಳು. ಎಂಟು-ಹತ್ತು ಸೆಂಟಿಮೀಟರ್ ಉದ್ದದ ಹೆಣ್ಣು ಹುಳು ನಮ್ಮ ದುಗ್ಧರಸ ನಾಳದಲ್ಲಿ ಆರೆಂಟು ವರ್ಷ ಬದುಕಿ ಲಕ್ಷಾಂತರ ಮರಿಗಳನ್ನು ಹಾಕುತ್ತದೆ. 1872ರಲ್ಲಿ ಕಲ್ಕತ್ತೆಯಲ್ಲಿ ತಿಮೊಥಿ ಲೂಯಿಸ್ ಈ ಮರಿಗಳನ್ನು ಮನುಷ್ಯರ ರಕ್ತದಲ್ಲಿ ಕಂಡರು. 1877ರಲ್ಲಿ ಚೀನಾದಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಅವು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ತೋರಿಸಿದರು. ಮರಿಗಳು ಹೊರಗಿನ ರಕ್ತಕ್ಕೆ ಬರುವುದು ಹೆಚ್ಚಾಗಿ ರಾತ್ರಿ ಹತ್ತರಿಂದ ಎರಡು ಗಂಟೆಯೊಳಗೆ. ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತು ಬಾಗಿಲು ತಟ್ಟಿ ಬೆರಳಿನಿಂದ ರಕ್ತ ತೆಗೆಯುವುದು ಇದೇ ಕಾರಣಕ್ಕೆ.

ಇಷ್ಟು ವರ್ಷ ದೇಹ ಸುಮ್ಮನಿರುವುದೇಕೆ? ಬ್ಯಾಕ್ಟೀರಿಯವನ್ನಾದರೆ ಬಿಳಿ ರಕ್ತಕಣ ನುಂಗಿ ಮುಗಿಸುತ್ತದೆ. ತನಗಿಂತ ಸಾವಿರಾರು ಪಟ್ಟು ದೊಡ್ಡದಾದ ಹುಳುವನ್ನು ಅದು ನುಂಗಲಾರದು. ಅದಕ್ಕೆಂದೇ ದೇಹ ಬೇರೊಂದು ಸೇನೆಯನ್ನು ಕಟ್ಟಿಕೊಂಡಿದೆ. ಐಜಿಇ ಎಂಬ ಪ್ರತಿಕಾಯ ಹುಳುವನ್ನು ಗುರುತಿಸುತ್ತದೆ. ಇಯೊಸಿನೊಫಿಲ್ ಎಂಬ ಬಿಳಿ ಕಣಗಳು ಮರಿಹುಳುವನ್ನು ಮುತ್ತಿ ಅದರ ಮೈಮೇಲೆ ವಿಷಕಾರಿ ಪ್ರೋಟೀನು ಸುರಿಯುತ್ತವೆ. ಕರುಳಿನ ಜಂತುವಾದರೆ ಲೋಳೆ ಹೆಚ್ಚಿ, ಕರುಳು ಹಿಂಡಿ ಅದನ್ನು ಹೊರದೂಡಲು ದಾರಿಯಿದೆ. ದುಗ್ಧರಸ ನಾಳದ ಹುಳುವಿಗೆ ಅಂಥ ದಾರಿಯಿಲ್ಲ.

ಹುಳುವೂ ಕೈಕಟ್ಟಿ ಕೂರುವುದಿಲ್ಲ. ಅದು ಸ್ರವಿಸುವ ವಸ್ತುಗಳು ದೇಹದ ಕಾವಲನ್ನು ತಣ್ಣಗಾಗಿಸುತ್ತವೆ. ಹೋರಾಟವನ್ನು ಹತೋಟಿಯಲ್ಲಿಡುವ ಟಿ-ಕಣಗಳು ಮೇಲುಗೈ ಪಡೆಯುತ್ತವೆ. ಐಜಿಜಿ4 ಎಂಬ ಸೌಮ್ಯ ಪ್ರತಿಕಾಯ ಹೆಚ್ಚಾಗಿ ಐಜಿಇಯ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಹೀಗೆ ಇಬ್ಬರ ನಡುವೆ ಒಂದು ರಾಜಿ ಏರ್ಪಡುತ್ತದೆ. ಇದರಲ್ಲಿ ದೇಹಕ್ಕೂ ಲಾಭವುಂಟು, ಯುದ್ಧ ಜೋರಾದರೆ ಸುಡುವುದು ತನ್ನದೇ ಅಂಗಾಂಶ. ಕೆಲವರ ದೇಹ ಈ ರಾಜಿಗೆ ಒಪ್ಪದೆ ಮರಿಗಳನ್ನೆಲ್ಲ ಶ್ವಾಸಕೋಶದಲ್ಲೇ ಹಿಡಿದು ಕೊಲ್ಲುತ್ತದೆ. ಅಂಥವರಿಗೆ ರಾತ್ರಿಯೆಲ್ಲ ಕೆಮ್ಮು, ಉಬ್ಬಸ. ರಕ್ತದಲ್ಲಿ ಇಯೊಸಿನೊಫಿಲ್ ವಿಪರೀತ, ಹುಳುವಿನ ಮರಿ ಮಾತ್ರ ಸಿಗದು.

ಊದಿದ ಕಾಲಿನ ಕತೆಯೂ ಹೆಚ್ಚುಕಡಿಮೆ ಹೀಗೆಯೇ. ಹುಳು ಸತ್ತಾಗ ಉರಿಯೂತ ಎದ್ದು, ನಾಳ ಕೆಟ್ಟು, ರಸ ಇಳಿಯದೆ ನಿಲ್ಲುತ್ತದೆ. ಮೇಲಿಂದ ಬ್ಯಾಕ್ಟೀರಿಯದ ಸೋಂಕು ಸೇರಿ ಕಾಲು ದಪ್ಪವಾಗುತ್ತದೆ. ಆ ಹೊತ್ತಿಗೆ ಅನೇಕರ ರಕ್ತದಲ್ಲಿ ಮರಿಗಳೇ ಇರುವುದಿಲ್ಲ. ಅಂದರೆ ಜನ ಹೆದರಿ ದೂರವಿಡುವ ಆನೆಕಾಲಿನವನಿಂದ ರೋಗ ಹರಡುವುದು ಕಡಿಮೆ. ಹರಡುವುದು ಹುಳುವಿನೊಡನೆ ರಾಜಿಯಾಗಿ, ಯಾವ ಲಕ್ಷಣವೂ ಇಲ್ಲದೆ ಓಡಾಡುವವನಿಂದ.

2004ರಲ್ಲಿ ದೇಶದ ರೋಗಪೀಡಿತ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಡಿಇಸಿ ಮಾತ್ರೆ ನುಂಗಿಸುವ ಕಾರ್ಯಕ್ರಮ ಆರಂಭವಾದಾಗ ಕರ್ನಾಟಕದ ಕರಾವಳಿಯೂ ಅದರಲ್ಲಿತ್ತು. 2027ರೊಳಗೆ ರೋಗವನ್ನು ನಿವಾರಿಸುವುದು ಭಾರತದ ಗುರಿ. "ನಾನು ಚೆನ್ನಾಗಿಯೇ ಇದ್ದೇನೆ, ನನಗೇಕೆ ಮಾತ್ರೆ?" ಎಂದು ಕೇಳುವವರಿಗೆ ಉತ್ತರ ಮೇಲಿನ ಕತೆಯಲ್ಲೇ ಇದೆ. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ತೀವ್ರ ಕಾಯಿಲೆಯವರನ್ನು ಬಿಟ್ಟು ಉಳಿದವರೆಲ್ಲ ನುಂಗಬೇಕಾದದ್ದು ಅದಕ್ಕಾಗಿಯೇ. ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು ಬರುವುದುಂಟು. ಸಾಮಾನ್ಯವಾಗಿ ಅದು ಮರಿಗಳು ಸಾಯುವಾಗ ದೇಹ ತೋರುವ ಪ್ರತಿಕ್ರಿಯೆ, ಎರಡು-ಮೂರು ದಿನಗಳಲ್ಲಿ ಇಳಿಯುತ್ತದೆ. ಇನ್ನು ಈಗಾಗಲೇ ಕಾಲು ಊದಿದವರಿಗೆ ದಿನವೂ ಸಾಬೂನು ಹಚ್ಚಿ ತೊಳೆದು, ಬೆರಳ ಸಂದಿಯನ್ನು ಒರೆಸಿ ಒಣಗಿಸಿಕೊಳ್ಳುವುದೇ ದೊಡ್ಡ ಔಷಧ.