ಒಂದು ಅಗುಳು ಸಾಕಾಗಲ್ಲ: ಮಣ್ಣಿನ ಲ್ಯಾಬ್ ರಿಪೋರ್ಟ್ ಓದೋದು ಹೇಗೆ?

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಚುಕಿದರೆ ಸಾಕು ಅಂತಾರೆ. ಮಣ್ಣಿನ ವಿಷಯದಲ್ಲಿ ಈ ಮಾತು ನಡೆಯಲ್ಲ. ಕಾರ್ಖಾನೆ ಪಕ್ಕದ ಜಾಗ ಸುರಕ್ಷಿತ ಅಂತ ಹೇಳೋ ಒಂದು ಪುಟದ ರಿಪೋರ್ಟ್ ನಾಳೆ ನಿಮ್ಮ ವಾಟ್ಸಾಪ್‌ಗೂ ಬರಬಹುದು. ಅದನ್ನ ನಂಬಬೇಕಾ? ಇವತ್ತಿನ ಎಪಿಸೋಡ್ ಇದರ ಬಗ್ಗೆ.

ಉದಾಹರಣೆಗೆ ತಮಿಳುನಾಡಿನ ಕೊಡೈಕೆನಾಲ್ ತಗೊಳ್ಳೋಣ. ಅಲ್ಲಿ ಹಿಂದೂಸ್ತಾನ್ ಲಿವರ್ ಕಂಪನಿಯ ಥರ್ಮಾಮೀಟರ್ ಕಾರ್ಖಾನೆ ಇತ್ತು. ಪಾದರಸ ಮೆತ್ತಿದ ಗಾಜಿನ ಚೂರುಗಳು ಊರಿನ ಗುಜರಿಯಲ್ಲಿ ಸಿಕ್ಕ ಮೇಲೆ, 2001ರಲ್ಲಿ ಅದು ಮುಚ್ಚಿತು. ಆವರಣದ ಮಣ್ಣಿಗೂ ಪಾದರಸ ಸೇರಿತ್ತು. ಅದನ್ನ ಎಷ್ಟಕ್ಕೆ ಇಳಿಸಬೇಕು ಅನ್ನೋದೇ ವರ್ಷಗಟ್ಟಲೆ ವಿವಾದ ಆಯ್ತು. ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಅನ್ನೋ ಮಿತಿ ತೀರಾ ಸಡಿಲ ಅಂತ ಹೋರಾಟಗಾರರು ವಿರೋಧಿಸಿದರು. ಆದರೆ ಮಿತಿ ಎಷ್ಟೇ ಇರಲಿ, ಅದಕ್ಕೂ ಮುಂಚೆ ಒಂದು ಪ್ರಶ್ನೆ ಇದೆ: ಅಳೆದ ಸಂಖ್ಯೆ ಸರಿಯಾಗಿದೆಯಾ?

ಮೊದಲನೆಯದು ಸ್ಯಾಂಪಲ್. ಪಾದರಸ ಮಣ್ಣಲ್ಲಿ ಸಮನಾಗಿ ಹರಡಲ್ಲ, ಸಣ್ಣ ಸಣ್ಣ ಮಣಿಗಳಾಗಿ ಕೂತಿರುತ್ತೆ. ಹಾಗಾಗಿ ಒಂದೇ ಜಾಗದಿಂದ ಎರಡು ಡಬ್ಬಿ ತುಂಬಿ, ಜೋಡಿ ಅಂತ ಲ್ಯಾಬ್‌ಗೆ ಹೇಳದೆ ಕಳಿಸ್ತಾರೆ. ಇದು ಡೂಪ್ಲಿಕೇಟ್. 10 ಅಥವಾ 20 ಸ್ಯಾಂಪಲ್‌ಗೆ ಒಂದು ಇಂಥ ಜೋಡಿ ಇಡೋದು ರೂಢಿ. ಒಂದರಲ್ಲಿ 12, ಇನ್ನೊಂದರಲ್ಲಿ 31 ಬಂತು ಅಂದುಕೊಳ್ಳಿ. ಮೊದಲನೆಯದನ್ನ ಮಾತ್ರ ತೋರಿಸಿದರೆ ಜಾಗ ಪಾಸ್, ಎರಡನೆಯದಾದರೆ ಫೇಲ್! ಇಲ್ಲಿ ನಮಗೆ ಸಿಗೋ ನಿಜವಾದ ಉತ್ತರ: ಇನ್ನೂ ಹೆಚ್ಚು ಕಡೆ ಮಣ್ಣು ತೆಗೀಬೇಕು.

ಎರಡನೆಯದು ಬ್ಲ್ಯಾಂಕ್. ಮಣ್ಣು ತೆಗೆದ ಸಲಕರಣೆ ತೊಳೆದ ಮೇಲೆ, ಅದರ ಮೇಲೆ ಶುದ್ಧ ನೀರು ಹರಿಸಿ ಆ ನೀರನ್ನೂ ಪರೀಕ್ಷಿಸ್ತಾರೆ. ಅದರಲ್ಲಿ ಪಾದರಸ ಕಂಡರೆ, ಹಿಂದಿನ ಗುಂಡಿಯ ಕೊಳೆ ಮುಂದಿನ ಸ್ಯಾಂಪಲ್‌ಗೂ ಅಂಟಿರಬಹುದು. ಅಂದರೆ ಈ ತಪಾಸಣೆ ಕಾರ್ಖಾನೆಯ ಪಕ್ಕದವರನ್ನಷ್ಟೇ ಅಲ್ಲ, ಕಾರ್ಖಾನೆಯನ್ನೂ ಸುಳ್ಳು ಆರೋಪದಿಂದ ಕಾಪಾಡುತ್ತೆ.

ಮೂರನೆಯದು ಸ್ಪೈಕ್. ಸ್ಯಾಂಪಲ್‌ನ ಒಂದು ಭಾಗಕ್ಕೆ ಗೊತ್ತಿರೋ ಅಳತೆಯ ಪಾದರಸ ಬೇಕಂತಲೇ ಸೇರಿಸಿ, ಅದು ವಾಪಸ್ ಲೆಕ್ಕಕ್ಕೆ ಸಿಗುತ್ತಾ ಅಂತ ನೋಡ್ತಾರೆ. ಲೋಹಗಳಿಗೆ ಶೇ. 75ರಿಂದ 125ರೊಳಗೆ ಸಿಕ್ಕರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅರ್ಧವೇ ಸಿಕ್ಕರೆ, ಉಳಿದ ಸಂಖ್ಯೆಗಳೂ ಕಡಿಮೆ ಬಂದಿರೋ ಸಾಧ್ಯತೆ ಇದೆ.

ಇನ್ನೊಂದು ಸೂಕ್ಷ್ಮ ಇದೆ. ಪಾದರಸ ಆವಿಯಾಗೋ ಲೋಹ. ಬೇರೆ ಲೋಹಗಳ ಸ್ಯಾಂಪಲ್ ಥರ ಬಿಸಿ ಓವನ್‌ನಲ್ಲಿ ಒಣಗಿಸಿದರೆ, ಅಳೆಯೋ ಮುಂಚೆಯೇ ಒಂದಿಷ್ಟು ಹಾರಿಹೋಗುತ್ತೆ. ಯಂತ್ರ ಸರಿ ಇದ್ದರೂ ಉತ್ತರ ತಪ್ಪು. ಅದಕ್ಕೇ ಸ್ಯಾಂಪಲ್‌ನ ತಂಪಾಗಿಟ್ಟು, ಸಾಮಾನ್ಯವಾಗಿ 28 ದಿನದೊಳಗೆ ಪರೀಕ್ಷೆ ಮುಗಿಸಬೇಕು. ಯಾರು ತೆಗೆದರು, ಯಾವಾಗ ಯಾರ ಕೈಗೆ ಕೊಟ್ಟರು ಅನ್ನೋದೂ ಫಾರಂನಲ್ಲಿ ದಾಖಲಾಗಿರಬೇಕು. ಬಿ.ಕಾಂ ಓದಿದ ನನಗೆ ಇದು ಆಡಿಟ್ ಥರಾನೇ ಕಾಣುತ್ತೆ: ವೋಚರ್ ಇಲ್ಲದ ಖರ್ಚನ್ನ ಆಡಿಟರ್ ಸುಮ್ಮನೆ ಒಪ್ಪಲ್ಲ.

ರಿಪೋರ್ಟ್‌ನಲ್ಲಿ "ಬಿಡಿಎಲ್" ಅಂತ ಇದ್ದರೆ ಪಾದರಸ ಇಲ್ಲವೇ ಇಲ್ಲ ಅಂತ ಅರ್ಥ ಅಲ್ಲ. ಆ ವಿಧಾನಕ್ಕೆ ಕಾಣೋ ಕನಿಷ್ಠ ಮಟ್ಟಕ್ಕಿಂತ ಕೆಳಗಿದೆ ಅಂತ ಮಾತ್ರ. ಆ ಮಟ್ಟ ಎಷ್ಟು ಅಂತ ಪಕ್ಕದಲ್ಲೇ ಬರೆದಿರಬೇಕು. ಎನ್‌ಎಬಿಎಲ್ ಮುದ್ರೆ ಇದ್ದರೂ ಒಮ್ಮೆ ಚೆಕ್ ಮಾಡಿ: ಮಾನ್ಯತೆ ಇಡೀ ಲ್ಯಾಬ್‌ಗೆ ಒಟ್ಟಾಗಿ ಸಿಗಲ್ಲ, ಪರೀಕ್ಷೆವಾರು ಸಿಗುತ್ತೆ. ನೀರಿನಲ್ಲಿ ಪಾದರಸ ಅಳೆಯೋಕೆ ಮಾನ್ಯತೆ ಇದ್ದ ಮಾತ್ರಕ್ಕೆ ಮಣ್ಣಿಗೂ ಇದೆ ಅಂತಲ್ಲ.

ಹಾಗಾಗಿ ರಿಪೋರ್ಟ್ ಕೈಗೆ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಕಡೆ, ಎಷ್ಟು ಆಳದಿಂದ ಮಣ್ಣು ತೆಗೆದರು? ಡೂಪ್ಲಿಕೇಟ್, ಬ್ಲ್ಯಾಂಕ್, ಸ್ಪೈಕ್ ಫಲಿತಾಂಶ ಎಲ್ಲಿ? ತೆಗೆದ ದಿನ, ಪರೀಕ್ಷಿಸಿದ ದಿನ ಯಾವುದು? ಬಿಡಿಎಲ್ ಮಟ್ಟ ಎಷ್ಟು? ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿ ಇರೋ ರಿಪೋರ್ಟ್ ಆದರೆ ಆರ್‌ಟಿಐ ಅರ್ಜಿಯಲ್ಲಿ ಈ ಪುಟಗಳನ್ನೂ ಕೇಳಬಹುದು. ತಪ್ಪು ಸಂಖ್ಯೆ ನಂಬಿ ಜಾಗ ಶುಚಿಯಾಗಿದೆ ಅಂತ ಬಿಟ್ಟರೆ, ಆ ಮಣ್ಣಲ್ಲಿ ಆಡೋದು ಅಲ್ಲಿನ ಮಕ್ಕಳೇ.