ಗಾಳಿ ಹೆಚ್ಚಾದ ಮೇಲೆ ಪೆಟ್ರೋಲಿನ ಲೆಕ್ಕ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 2006ರವರೆಗೆ ತಯಾರಾಗುತ್ತಿದ್ದ ಮಿನಿ ಕೂಪರ್ ಎಸ್ ಕಾರಿಗೆ ಅಭಿಮಾನಿಗಳ ನಡುವೆ ‘ಆರ್53’ ಎಂಬ ಸಂಕೇತನಾಮವಿದೆ. ಅದರ 1,598 ಸಿಸಿ ಎಂಜಿನ್ ಬರುತ್ತಿದ್ದುದು ಬ್ರೆಜಿಲ್ ದೇಶದ ಕಾಂಪೊ ಲಾರ್ಗೊ ಎಂಬ ಊರಿನಿಂದ. ಅದೇ ಗಾತ್ರದ ಎಂಜಿನ್ ಸಾದಾ ಕೂಪರಿನಲ್ಲಿ ಸುಮಾರು 115 ಅಶ್ವಶಕ್ತಿ ಕೊಡುತ್ತಿತ್ತು. ಎಸ್ ಮಾದರಿಯಲ್ಲಿ ಮೊದಲು 163, ಆಮೇಲೆ 170. ಈ ಅಂತರಕ್ಕೆ ಕಾರಣ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಸೂಪರ್‌ಚಾರ್ಜರ್, ಅಂದರೆ ಸಿಲಿಂಡರುಗಳಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ.

ಕಾರಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಆದರೂ ಅದನ್ನು ಇಟ್ಟುಕೊಂಡವರು ಇನ್ನಷ್ಟು ಶಕ್ತಿ ಹಿಂಡುವುದನ್ನು ಬಿಟ್ಟಿಲ್ಲ. ಸೂಪರ್‌ಚಾರ್ಜರಿನ ಪುಲ್ಲಿಯನ್ನು ತೆಗೆದು ಚಿಕ್ಕದನ್ನು ಹಾಕುವುದು ಅವರ ಮೊದಲ ಹೆಜ್ಜೆ. ಎರಡನೆಯದು ಇಂಜೆಕ್ಟರ್. ದೊಡ್ಡ ಇಂಜೆಕ್ಟರ್ ಹಾಕಿದರೆ ಪಿಕಪ್ ಹೆಚ್ಚುತ್ತದೆ ಎಂಬ ನಂಬಿಕೆ ಎಲ್ಲ ದೇಶದ ಗ್ಯಾರೇಜುಗಳಲ್ಲೂ ಇದೆ. ಇಂಜೆಕ್ಟರ್ ತಾನಾಗಿ ಒಂದು ಅಶ್ವಶಕ್ತಿಯನ್ನೂ ತರುವುದಿಲ್ಲ. ಶಕ್ತಿ ತರುವುದು ಗಾಳಿ. ಇಂಜೆಕ್ಟರಿನ ಕೆಲಸ ಆ ಗಾಳಿಗೆ ತಕ್ಕ ಪೆಟ್ರೋಲನ್ನು, ಹೆಚ್ಚೂ ಇಲ್ಲದೆ ಕಡಿಮೆಯೂ ಆಗದೆ ಒದಗಿಸುವುದು. ಎಷ್ಟು ದೊಡ್ಡ ಇಂಜೆಕ್ಟರ್ ಬೇಕೆಂಬುದನ್ನು ಹೈಸ್ಕೂಲಿನ ಗಣಿತದಲ್ಲೇ ಲೆಕ್ಕ ಹಾಕಬಹುದು. ಆ ಲೆಕ್ಕದೊಳಗೆ ಬಹಳ ಜನ ಎಡವುವ ಒಂದು ಜಾಗವೂ ಇದೆ.

ಮೊದಲು ಗಾಳಿಯ ಕಡೆ ನೋಡೋಣ. ಆರ್53ರಲ್ಲಿರುವುದು ಈಟನ್ ಕಂಪನಿಯ ಎಂ45 ಸೂಪರ್‌ಚಾರ್ಜರ್. ಇದರ ಮೂಲ ವಿನ್ಯಾಸ ಕಾರಿಗಿಂತ ಹಳೆಯದು. ಅಮೆರಿಕದ ಇಂಡಿಯಾನಾದಲ್ಲಿ ಉಣ್ಣೆ ಗಿರಣಿ ನಡೆಸುತ್ತಿದ್ದ ರೂಟ್ಸ್ ಸಹೋದರರು 1860ರಲ್ಲಿ ಇಂಥ ಬ್ಲೋವರಿಗೆ ಪೇಟೆಂಟ್ ಪಡೆದರು. ಅದು ಕುಲುಮೆಗಳಿಗೆ, ಗಣಿಗಳಿಗೆ ಗಾಳಿ ಊದುತ್ತಿತ್ತು. ಒಂದು ಗೂಡಿನೊಳಗೆ ಎರಡು ರೋಟರುಗಳು ಒಂದಕ್ಕೊಂದು ತಾಗದೆ, ಹಲ್ಲುಗಳ ಹಾಗೆ ಹೊಂದಿಕೊಂಡು ತಿರುಗುತ್ತವೆ. ಪ್ರತಿ ಸುತ್ತಿಗೂ ಎಂ45 ಸುಮಾರು 740 ಸಿಸಿ ಗಾಳಿಯನ್ನು ದೂಡುತ್ತದೆ. ಎಂಜಿನ್ ತನ್ನ ಒಂದು ಸುತ್ತಿಗೆ ಸಹಜವಾಗಿ ಎಳೆದುಕೊಳ್ಳಬಲ್ಲದ್ದು ಸುಮಾರು 800 ಸಿಸಿ. ಅಷ್ಟರಲ್ಲಿ ಬ್ಲೋವರ್ ಹೆಚ್ಚುಕಡಿಮೆ ಎರಡು ಸುತ್ತು ತಿರುಗಿ 1,500 ಸಿಸಿಯಷ್ಟು ದೂಡಿರುತ್ತದೆ. ಹೆಚ್ಚಿನದಕ್ಕೆ ಹೋಗಲು ಬೇರೆ ದಾರಿಯಿಲ್ಲ, ಹಾಗಾಗಿ ಒತ್ತಡ ಏರುತ್ತದೆ. ಕಂಪನಿಯಿಂದ ಬಂದ ಸ್ಥಿತಿಯಲ್ಲಿ ಇದು ವಾತಾವರಣದ ಒತ್ತಡಕ್ಕಿಂತ ಸುಮಾರು 0.8 ಬಾರ್ ಹೆಚ್ಚು.

ಒತ್ತಿದ ಗಾಳಿ ಬಿಸಿಯಾಗುತ್ತದೆ. 25 ಡಿಗ್ರಿಯ ಗಾಳಿಯನ್ನು ಈ ಬಗೆಯ ಬ್ಲೋವರ್ 0.8 ಬಾರ್ ಏರಿಸಿದರೆ ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿ ಗಾಳಿ ವಿರಳ, ಜೊತೆಗೆ ಅಪಾಯಕಾರಿ. ಈ ಕಾರಿನ ಬಾನೆಟ್ ಮೇಲೆ ಕಾಣುವ ಅಗಲ ಕಿಂಡಿ ಅದಕ್ಕಾಗಿಯೇ ಇದೆ: ಅದರ ಕೆಳಗಿನ ಇಂಟರ್‌ಕೂಲರ್ ಹಾಯುವ ಗಾಳಿಗೆ ಮೈಯೊಡ್ಡಿ ಒಳಗಿನ ಗಾಳಿಯನ್ನು ತಣಿಸುತ್ತದೆ.

ಇನ್ನು ಪೆಟ್ರೋಲು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಸಮತಟ್ಟಾದ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಎಂಜಿನ್ ಇದೇ ಪ್ರಮಾಣವನ್ನು ಕಾಯ್ದುಕೊಳ್ಳುತ್ತದೆ. ಆದರೆ ಆಕ್ಸಿಲರೇಟರ್ ಪೂರ್ತಿ ತುಳಿದು ಸೂಪರ್‌ಚಾರ್ಜರ್ ಜೋರಾಗಿ ಊದುವಾಗ ಬೇಕಂತಲೇ ಹೆಚ್ಚು ಪೆಟ್ರೋಲ್ ಸುರಿಯಲಾಗುತ್ತದೆ, ಪ್ರಮಾಣ 12ರ ಹತ್ತಿರಕ್ಕೆ ಇಳಿಯುತ್ತದೆ. ಹೆಚ್ಚಾದ ಪೆಟ್ರೋಲ್ ಆವಿಯಾಗುವಾಗ ಸಿಲಿಂಡರಿನ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಈ ತಂಪು ಇಲ್ಲದಿದ್ದರೆ ಕಿಡಿಯ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ನಾಕಿಂಗ್ ಎನ್ನುವುದು ಇದನ್ನೇ. ಉರಿಯುವ ಅನಿಲದ ಉಷ್ಣತೆ 2,000 ಡಿಗ್ರಿಗೂ ಹೆಚ್ಚು, ಪಿಸ್ಟನ್ನಿನ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯ ಒಳಗೇ. ನಡುವೆ ಕಾಪಾಡುತ್ತಿರುವುದು ಲೋಹಕ್ಕೆ ಅಂಟಿಕೊಂಡು ನಿಂತ, ಕೊಂಚ ತಣ್ಣಗಿನ ಅನಿಲದ ತೆಳು ಪದರ ಮಾತ್ರ. ಜೋರಾದ ನಾಕಿಂಗಿನ ಒತ್ತಡದಲೆಗಳು ಆ ಪದರವನ್ನು ಕಿತ್ತೆಸೆಯುತ್ತವೆ. ಪುಲ್ಲಿ ಬದಲಿಸಿ ಇಂಧನದ ಲೆಕ್ಕ ಮರೆತ ಎಂಜಿನ್ನುಗಳ ಪಿಸ್ಟನ್ ಅಂಚು ಕರಗಿ ತೂತಾಗುವುದು ಹೀಗೆ.

ಈಗ ಲೆಕ್ಕ. ಸೂಪರ್‌ಚಾರ್ಜರನ್ನು ತಿರುಗಿಸಲು ಎಂಜಿನ್ನೇ ಶಕ್ತಿ ವ್ಯಯಿಸಬೇಕು, ತಣಿಸಲೆಂದು ಪೆಟ್ರೋಲನ್ನೂ ಹೆಚ್ಚು ಸುರಿಯಬೇಕು. ಹೀಗಾಗಿ ಪೂರ್ತಿ ಶಕ್ತಿಯಲ್ಲಿ ಇಂಥ ಎಂಜಿನ್ ಒಂದು ಕಿಲೋವಾಟಿಗೆ ಗಂಟೆಗೆ ಸುಮಾರು 0.36 ಕಿಲೋಗ್ರಾಂ ಪೆಟ್ರೋಲ್ ಕುಡಿಯುತ್ತದೆ ಎಂದಿಟ್ಟುಕೊಳ್ಳಬಹುದು. 163 ಅಶ್ವಶಕ್ತಿ ಎಂದರೆ 120 ಕಿಲೋವಾಟ್. ಗುಣಿಸಿದರೆ ಗಂಟೆಗೆ 43 ಕಿಲೋಗ್ರಾಂ. ಇದನ್ನು ನಾಲ್ಕು ಸಿಲಿಂಡರಿಗೆ ಹಂಚಿ, ತೂಕದಿಂದ ಗಾತ್ರಕ್ಕೆ ತಂದರೆ ಒಂದೊಂದು ಇಂಜೆಕ್ಟರೂ ನಿಮಿಷಕ್ಕೆ ಹತ್ತಿರ ಹತ್ತಿರ 243 ಸಿಸಿ ಕೊಡಬೇಕು. ಕಂಪನಿ ಕೊಟ್ಟಿರುವ ಇಂಜೆಕ್ಟರು 330 ಸಿಸಿಯದು. ಮೇಲ್ನೋಟಕ್ಕೆ ಧಾರಾಳ.

ಎಡವುವುದು ಇಲ್ಲೇ. 330 ಎಂಬ ಅಂಕಿ ಇಂಜೆಕ್ಟರಿನ ಹುಟ್ಟುಗುಣವಲ್ಲ, ಅದು ಒಂದು ನಿರ್ದಿಷ್ಟ ಒತ್ತಡದಲ್ಲಿ ಅಳೆದ ಪ್ರಮಾಣ. ಕೆರೆಯ ತೂಬಿನಿಂದ ಎಷ್ಟು ನೀರು ಹೊರಡುತ್ತದೆ ಎಂಬುದು ತೂಬಿನ ಅಗಲವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಕೆರೆಯಲ್ಲಿ ನೀರು ಎಷ್ಟು ಎತ್ತರವಿದೆ, ಆಚೆಯ ಕಾಲುವೆಯಲ್ಲಿ ಎಷ್ಟಿದೆ ಎಂಬ ವ್ಯತ್ಯಾಸವೂ ಬೇಕು. ಕಾಲುವೆ ತುಂಬಿ ನೀರು ತೂಬಿನ ಬಾಯಿ ಮುಚ್ಚಿದರೆ ಹರಿವು ತಗ್ಗುತ್ತದೆ. ಇಂಜೆಕ್ಟರಿಗೂ ಇದೇ ಭೌತಶಾಸ್ತ್ರ. ಹರಿವು ಎರಡೂ ಬದಿಯ ಒತ್ತಡಗಳ ವ್ಯತ್ಯಾಸದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ.

ಆರ್53ರಲ್ಲಿ ಪೆಟ್ರೋಲಿನ ಒತ್ತಡವನ್ನು ಹಿಡಿದಿಡುವ ರೆಗ್ಯುಲೇಟರ್ ಹಿಂದಿನ ಟ್ಯಾಂಕಿನಲ್ಲೇ ಇದೆ. ಎಂಜಿನ್ನಿನ ಬಳಿ ಏನಾಗುತ್ತಿದೆ ಎಂಬುದು ಅದಕ್ಕೆ ತಿಳಿಯದು, ಸದಾ 3.5 ಬಾರ್ ಕೊಡುತ್ತಿರುತ್ತದೆ. ಆದರೆ ಇಂಜೆಕ್ಟರಿನ ತುದಿ ಇರುವ ಗಾಳಿಕೊಳವೆಯಲ್ಲಿ ಸೂಪರ್‌ಚಾರ್ಜರ್ 0.8 ಬಾರ್ ಎದುರೊತ್ತಡ ತಂದಿರುತ್ತದೆ. ಉಳಿಯುವ ವ್ಯತ್ಯಾಸ 2.7. 330 ಎಂಬುದನ್ನು 3.5 ಬಾರ್‌ನಲ್ಲಿ ಅಳೆದದ್ದು ಎಂದಿಟ್ಟುಕೊಂಡರೆ, ವರ್ಗಮೂಲದ ಲೆಕ್ಕದಲ್ಲಿ ಆ ಇಂಜೆಕ್ಟರ್ 290ಕ್ಕೆ ಇಳಿಯಿತು. ಬೇಕಾದ 243 ಸಿಸಿಗಾಗಿ ಅದು ಒಟ್ಟು ಸಮಯದ ಶೇಕಡಾ 84ರಷ್ಟು ಹೊತ್ತು ತೆರೆದಿರಬೇಕು. ತಂತ್ರಜ್ಞರು ಸಾಮಾನ್ಯವಾಗಿ ಒಪ್ಪುವ ಮಿತಿ ಶೇಕಡಾ 85. ಕಾರ್ಖಾನೆಯ ಎಂಜಿನಿಯರುಗಳು ಅಳೆದು ತೂಗಿ, ದಂಡಕ್ಕೆ ಏನನ್ನೂ ಇಡದೆ ಭಾಗ ಆರಿಸಿದ್ದಾರೆ ಎಂದು ಇದರಿಂದ ಗೊತ್ತಾಗುತ್ತದೆ. ಅವರ ಈ ಲೆಕ್ಕಾಚಾರ ನನಗೆ ತುಂಬ ಮೆಚ್ಚುಗೆ.

ಪುಲ್ಲಿ ಬದಲಿಸಿದ ದಿನ ಈ ಲೆಕ್ಕ ತಲೆಕೆಳಗಾಗುತ್ತದೆ. ವ್ಯಾಸ ಶೇಕಡಾ 15 ಕಡಿಮೆಯಾದರೆ ಬ್ಲೋವರಿನ ವೇಗ ಶೇಕಡಾ 17–18ರಷ್ಟು ಏರುತ್ತದೆ. ಎದುರೊತ್ತಡ 1 ಬಾರ್ ಆಯಿತು, ಶಕ್ತಿ 200 ಅಶ್ವಶಕ್ತಿ ಮುಟ್ಟಿತು ಎನ್ನೋಣ. ಈಗ ಪ್ರತಿ ಇಂಜೆಕ್ಟರು ಕೊಡಬೇಕಾದದ್ದು ಸುಮಾರು 298 ಸಿಸಿ. ಒತ್ತಡದ ವ್ಯತ್ಯಾಸ 2.5ಕ್ಕೆ ಇಳಿದಿರುವುದರಿಂದ ಹಳೆಯ ಇಂಜೆಕ್ಟರ್ ಕೊಡಬಲ್ಲದ್ದು 279 ಮಾತ್ರ, ಅದೂ ಕ್ಷಣವೂ ಮುಚ್ಚದೆ ತೆರೆದೇ ಇದ್ದರೆ. ಒಂದೇ ಬದಲಾವಣೆಯಿಂದ ಬೇಡಿಕೆ ಮೇಲೇರಿತು, ಪೂರೈಕೆ ಕೆಳಗಿಳಿಯಿತು. ಕೊರತೆ ಕಾಣಿಸಿಕೊಳ್ಳುವುದು ಎಂಜಿನ್ ಅತಿ ಹೆಚ್ಚು ಬಿಸಿಯಾಗಿರುವ, ಅತಿ ವೇಗದಲ್ಲಿರುವ ಕ್ಷಣದಲ್ಲಿ. ಊರೊಳಗೆ ಓಡಿಸಿದಾಗ ಏನೂ ಗೊತ್ತಾಗದು.

ಮಿನಿಯ ಪಾಲುದಾರರಾದ ಜಾನ್ ಕೂಪರ್ ವರ್ಕ್ಸ್‌ನವರು ಇದೇ ಕಾರಿಗೆ 210 ಅಶ್ವಶಕ್ತಿಯ ಅಧಿಕೃತ ಕಿಟ್ ತಂದಾಗ ಅದರಲ್ಲಿ 380 ಸಿಸಿಯ ಇಂಜೆಕ್ಟರುಗಳಿದ್ದವು. ಮೇಲಿನ ಲೆಕ್ಕದಲ್ಲಿ 200 ಅಶ್ವಶಕ್ತಿಗೇ ಅವು ಶೇಕಡಾ 93ರಷ್ಟು ಹೊತ್ತು ತೆರೆದಿರಬೇಕಾಗುತ್ತದೆ. ಅವರೂ ಅಂಚಿನಲ್ಲೇ ನಿಂತಿದ್ದರು. 440 ಸಿಸಿಯದಾದರೆ ಶೇಕಡಾ 80, ಆರಾಮ. ಹಾಗಾದರೆ ನೇರವಾಗಿ 1,000 ಸಿಸಿಯದನ್ನೇ ಹಾಕಿ ನಿಶ್ಚಿಂತರಾಗಬಾರದೇಕೆ?

ಉತ್ತರ ಐಡ್ಲಿಂಗಿನಲ್ಲಿದೆ. ಇಂಜೆಕ್ಟರ್ ಎಂದರೆ ವಿದ್ಯುತ್ ಸುರುಳಿಯಿಂದ ತೆರೆದುಕೊಳ್ಳುವ ಪುಟ್ಟ ಕವಾಟ. ಒಳಗಿನ ಸೂಜಿ ಮೇಲೇಳುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಮಾತ್ರ. ಕರೆಂಟು ಬಂದ ತಕ್ಷಣ ಅದು ಏಳುವುದಿಲ್ಲ. ಸುರುಳಿಯ ಕಾಂತಶಕ್ತಿ ಬೆಳೆದು ಸ್ಪ್ರಿಂಗಿನ ಬಲವನ್ನೂ ಪೆಟ್ರೋಲಿನ ಒತ್ತಡವನ್ನೂ ಮೀರಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕು. ಬ್ಯಾಟರಿಯ ವೋಲ್ಟೇಜ್ ತಗ್ಗಿದರೆ ಇನ್ನೂ ಹೆಚ್ಚು. ಈ ಸತ್ತ ಸಮಯವನ್ನು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಪ್ರತಿ ಸಲವೂ ಸೇರಿಸಿಕೊಂಡೇ ಲೆಕ್ಕ ಹಾಕುತ್ತದೆ.

ಸಿಗ್ನಲ್ಲಿನಲ್ಲಿ ನಿಂತ 1.6 ಲೀಟರಿನ ಎಂಜಿನ್ ಗಂಟೆಗೆ ಮುಕ್ಕಾಲು ಲೀಟರಿನ ಆಸುಪಾಸು ಪೆಟ್ರೋಲ್ ಸುಡುತ್ತದೆ. 800 ಆರ್‌ಪಿಎಂನಲ್ಲಿ ಪ್ರತಿ ಸಿಂಪಡಣೆಗೆ ಬರುವುದು ಒಂದು ಸಿಸಿಯ ನೂರಮೂವತ್ತನೇ ಒಂದು ಭಾಗ. 330ರ ಇಂಜೆಕ್ಟರು ಇಷ್ಟು ಕೊಡಲು ಸತ್ತ ಸಮಯ ಬಿಟ್ಟು 1.4 ಮಿಲಿಸೆಕೆಂಡ್ ತೆರೆದಿರುತ್ತದೆ. 440ರದ್ದಕ್ಕೆ ಸುಮಾರು 1 ಸಾಕು. 1,000 ಸಿಸಿಯದಕ್ಕೆ ಅರ್ಧ ಮಿಲಿಸೆಕೆಂಡೂ ಬೇಡ. ಅಷ್ಟು ಚಿಕ್ಕ ಅವಧಿಯಲ್ಲಿ ಸೂಜಿ ಪೂರ್ತಿ ಮೇಲೆದ್ದಿರುವುದೇ ಇಲ್ಲ, ಅರ್ಧ ಎದ್ದು ಬೀಳುತ್ತದೆ. ನಾಲ್ಕೂ ಇಂಜೆಕ್ಟರುಗಳು ಒಂದೇ ಬಗೆಯಲ್ಲಿ ಅರ್ಧ ಏಳುತ್ತವೆ ಎಂಬ ಭರವಸೆಯಿಲ್ಲ. ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಎಂಜಿನ್ ನಡುಗುತ್ತದೆ, ಹೊಗೆಯಲ್ಲಿ ಪೆಟ್ರೋಲಿನ ವಾಸನೆ ಬರುತ್ತದೆ. ಆಧುನಿಕ ದೊಡ್ಡ ಇಂಜೆಕ್ಟರುಗಳು ಈ ವಿಷಯದಲ್ಲಿ ಬಹಳ ಸುಧಾರಿಸಿವೆ, ನಿಜ. ಆದರೂ ಬೇಕಾದ್ದಕ್ಕಿಂತ ಒಂದೇ ಮೆಟ್ಟಿಲು ಮೇಲಿನದನ್ನು ಆರಿಸುವುದು ಒಳ್ಳೆಯದೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಹೆಚ್ಚೆಂದರೆ ಎಷ್ಟು ಸುರಿಯಬಲ್ಲದು ಎಂಬುದರ ಜೊತೆಗೆ ಅತಿ ಕಡಿಮೆಯನ್ನು ಎಷ್ಟು ಕರಾರುವಾಕ್ಕಾಗಿ ಸುರಿಯಬಲ್ಲದು ಎಂಬುದನ್ನೂ ಮಾರುವವರ ಬಳಿ ಕೇಳಬೇಕು.

ಗಾತ್ರ ತೀರ್ಮಾನವಾದರೂ ಕೆಲಸ ಮುಗಿಯದು. ಸುರುಳಿಯ ರೋಧ ಹಳೆಯದಕ್ಕೆ ಹೊಂದಬೇಕು: 12 ಓಮಿನ ಜಾಗದಲ್ಲಿ 2 ಓಮಿನದನ್ನು ಸಿಕ್ಕಿಸಿದರೆ ಆರು ಪಟ್ಟು ಕರೆಂಟು ಹರಿದು ಇಸಿಯು ಸುಡಬಹುದು. ಉದ್ದ, ಪ್ಲಗ್ಗು, ಓ-ರಿಂಗ್ ಸರಿಹೋಗಬೇಕು. ಈ ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಗಾಳಿ ಬರುವ ವಾಲ್ವುಗಳು ಎರಡು. ಸಿಂಪಡಣೆ ಅವುಗಳ ಬೆನ್ನಿಗೆ ಬೀಳಬೇಕೇ ಹೊರತು ನಡುವಿನ ಗೋಡೆಗಲ್ಲ. ಪೆಟ್ರೋಲ್ ಪಂಪು ಪೂರ್ತಿ ಹರಿವಿನಲ್ಲೂ 3.5 ಬಾರ್ ಹಿಡಿದು ನಿಲ್ಲಬೇಕು, ಇಲ್ಲವಾದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ.

ಎಲ್ಲಕ್ಕಿಂತ ಮುಖ್ಯ, ಇಸಿಯುವಿಗೆ ಹೊಸ ಭಾಗದ ಪರಿಚಯ ಮಾಡಿಕೊಡಬೇಕು. ಅದು ಪೆಟ್ರೋಲನ್ನು ಅಳೆಯುವುದಿಲ್ಲ, ಸಮಯವನ್ನು ಅಳೆಯುತ್ತದೆ. 330ರ ಜಾಗದಲ್ಲಿ 380 ಕೂತಿದೆ ಎಂದು ತಿಳಿಸದಿದ್ದರೆ ಹಳೆಯ ಸಮಯವನ್ನೇ ಕೊಡುತ್ತದೆ, ಶೇಕಡಾ 15 ಹೆಚ್ಚು ಪೆಟ್ರೋಲ್ ಬೀಳುತ್ತದೆ. ನಿಧಾನ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ಕಂಡು ಒಂದು ಮಿತಿಯವರೆಗೆ ತಿದ್ದುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಇಸಿಯು ಸೆನ್ಸರಿನ ಮಾತು ಕೇಳದೆ ತನ್ನ ನೆನಪಿನ ಕೋಷ್ಟಕದಂತೆ ನಡೆಯುತ್ತದೆ. ಆಗ ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ, ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ, ಶಕ್ತಿಯೂ ಕುಗ್ಗುತ್ತದೆ. ಹರಿವಿನ ಪ್ರಮಾಣ ಮತ್ತು ಸತ್ತ ಸಮಯ, ಈ ಎರಡನ್ನೂ ಹೊಸದಾಗಿ ತುಂಬಿ, ಡೈನೊ, ಅಂದರೆ ಶಕ್ತಿ ಅಳೆಯುವ ಯಂತ್ರದ ಮೇಲೆ ಓಡಿಸಿ, ಸೈಲೆನ್ಸರಿನ ಹೊಗೆಯಲ್ಲಿ ಗಾಳಿ–ಪೆಟ್ರೋಲಿನ ಪ್ರಮಾಣ ಅಳೆದ ಮೇಲೆಯೇ ಕಾರು ರಸ್ತೆಗೆ ಯೋಗ್ಯ.

ಸಮಯದಿಂದ ಪೆಟ್ರೋಲನ್ನು ಅಳೆಯುವ ಈ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ಕಾರುಗಳಿಗೆ ತಂದದ್ದು ಜರ್ಮನಿಯ ಬಾಷ್, 1967ರಲ್ಲಿ, ಫೋಕ್ಸ್‌ವ್ಯಾಗನ್ 1600 ಕಾರಿನೊಂದಿಗೆ. ಬೆಂಗಳೂರಿನವರಿಗೆ ಆಡುಗೋಡಿಯ ಮೈಕೋ ಹೆಸರಿನಲ್ಲಿ ಪರಿಚಯವಾದ ಕಂಪನಿ ಇದೇ. ಭಾರತದಲ್ಲಿ 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಜಾರಿಯಾದ ಮೇಲೆ ಕಾರ್ಬ್ಯುರೇಟರುಗಳು ಬಹುಮಟ್ಟಿಗೆ ಮರೆಯಾಗಿ, ಸ್ಕೂಟರುಗಳಿಗೂ ಇಂಜೆಕ್ಟರ್ ಬಂದಿದೆ.

ಹಾಗಾಗಿ ಪುಲ್ಲಿಯನ್ನು ಮುಟ್ಟದವರ ಬಾಗಿಲಿಗೂ ಈ ಲೆಕ್ಕ ಬಂದಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಶೇಕಡಾ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಕೊಟ್ಟರು. ಎಥೆನಾಲಿನೊಳಗೆ ಆಮ್ಲಜನಕ ಮೊದಲೇ ಇರುವುದರಿಂದ ಅದರ ಒಂದು ಗ್ರಾಂಗೆ 9 ಗ್ರಾಂ ಗಾಳಿ ಸಾಕು, ಇ20ಗೆ 13.5. ಅಷ್ಟೇ ಗಾಳಿಗೆ ಈಗ ಗಾತ್ರದ ಲೆಕ್ಕದಲ್ಲಿ ಸುಮಾರು ಶೇಕಡಾ 7 ಹೆಚ್ಚು ಇಂಧನ ಸಿಂಪಡಿಸಬೇಕು. ಸಾದಾ ಎಂಜಿನ್ನಿನಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ಸದ್ದಿಲ್ಲದೆ ಸರಿದೂಗಿಸುತ್ತದೆ. ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಸುಮಾರು ಎರಡೂವರೆ ಪಟ್ಟು ಶಾಖ ಹೀರುವುದರಿಂದ, ಗಾಳಿ ಒತ್ತಿ ತುಂಬುವ ಎಂಜಿನ್ನಿನಲ್ಲಿ ನಾಕಿಂಗ್ ತಗ್ಗುವ ಲಾಭವೂ ಉಂಟು. ಆದರೆ ಶೇಕಡಾ 84ರಲ್ಲಿ ದುಡಿಯುತ್ತಿದ್ದ ಇಂಜೆಕ್ಟರ್ ಇ20 ತುಂಬಿದೊಡನೆ 90ಕ್ಕೆ ಏರುತ್ತದೆ. ನಮ್ಮಲ್ಲಿ ಟರ್ಬೊ ಇರುವ ಪುಟ್ಟ ಕಾರುಗಳ ಇಸಿಯು ತಿದ್ದಿಸಿ ಒತ್ತಡ ಏರಿಸಿಕೊಳ್ಳುವವರು ಈಗೀಗ ಹೆಚ್ಚುತ್ತಿದ್ದಾರೆ. ತಮ್ಮ ಇಂಜೆಕ್ಟರಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡುವಾಗ ಅವರು ಮೊದಲು ಆ ಶೇಕಡಾ ಏಳನ್ನು ಕಳೆದೇ ಲೆಕ್ಕ ಶುರು ಮಾಡಬೇಕು.