ನರ್ಸಿಂಗ್‌ಗೆ ಹೋಗುವವರು ಪಿಯುಸಿಯಲ್ಲಿ ಏನು ಓದಬೇಕು?

ಮುಂಡಗೋಡ ತಾಲೂಕಿನ ಸನವಳ್ಳಿ, ಸುತ್ತಲಿನ ಹಳ್ಳಿಗಳ ಮಕ್ಕಳಲ್ಲಿ ನರ್ಸ್ ಆಗಬೇಕೆಂಬ ಆಸೆ ಇದ್ದವರು ಒಂದು ಮಾತು ಮೊದಲೇ ತಿಳಿದಿರಬೇಕು. ಪಿಯುಸಿ ಅರ್ಜಿ ತುಂಬುವ ದಿನವೇ ಆ ದಾರಿ ಅರ್ಧ ತೀರ್ಮಾನವಾಗಿಬಿಡುತ್ತದೆ.

ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇರಬೇಕು, ಇಂಗ್ಲಿಷ್ ಪಾಸಾಗಿರಬೇಕು. ಸಾಮಾನ್ಯ ವರ್ಗದವರಿಗೆ ವಿಜ್ಞಾನದ ವಿಷಯಗಳಲ್ಲಿ ಒಟ್ಟು ಶೇ. 45 ಅಂಕ ಬೇಕು. ಮೀಸಲಾತಿ ವರ್ಗದವರಿಗೆ ಶೇ. 40 ಸಾಕು. ಸೈನ್ಸ್ ತೆಗೆದುಕೊಂಡೂ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಆರಿಸಿಕೊಂಡವರಿಗೆ ಈ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಈ ಮೂರರ ಜೊತೆ ಗಣಿತವೂ ಇರುವ ಪಿಸಿಎಂಬಿಯೇ ಒಳ್ಳೆಯ ಆಯ್ಕೆ.

ಗಣಿತ ಯಾಕೆ ಎಂದು ಕೇಳುವವರಿದ್ದಾರೆ. ಅರ್ಹತೆಗೆ ಅದು ಬೇಕಿಲ್ಲ, ನಿಜ. ಆದರೆ ವಾರ್ಡಿನಲ್ಲಿ ಲೆಕ್ಕವಿಲ್ಲದೆ ಒಂದು ದಿನವೂ ನಡೆಯದು. 500 ಎಂ.ಎಲ್. ಸಲೈನನ್ನು 4 ತಾಸಿನಲ್ಲಿ ಹಾಕಿ ಎಂದು ಡಾಕ್ಟರು ಬರೆದಿದ್ದಾರೆ. ಕೈಯಲ್ಲಿರುವ ಡ್ರಿಪ್ ಸೆಟ್ಟಿನಲ್ಲಿ 20 ಹನಿ ಬಿದ್ದರೆ ಒಂದು ಎಂ.ಎಲ್. ಅಂದರೆ ಒಟ್ಟು 10,000 ಹನಿ, 240 ನಿಮಿಷ, ನಿಮಿಷಕ್ಕೆ ಸುಮಾರು 42 ಹನಿ. ಹೃದಯ ಸೋತ ರೋಗಿಗೆ ಇದೇ ಸಲೈನು ಬೇಗ ಹರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹೈಸ್ಕೂಲಿನ ಭಾಗಾಕಾರ ಇಲ್ಲಿ ಜೀವ ಉಳಿಸುವ ವಿದ್ಯೆ.

ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನೂ ಬರೀ ಅಂಕಕ್ಕಾಗಿ ಓದಬೇಡಿ. ಬಿ.ಎಸ್ಸಿ. ನರ್ಸಿಂಗ್‌ನ ಮೊದಲ ಸೆಮಿಸ್ಟರಿನಲ್ಲೇ ಅಂಗರಚನೆ, ಶರೀರಕ್ರಿಯೆ ಬರುತ್ತವೆ. ಮುಂದೆ ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ. ನಮ್ಮ ಮಲೆನಾಡಿಗೆ ಇದು ದೂರದ ವಿದ್ಯೆಯಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಜಿಲ್ಲೆಯನ್ನೂ ಕಾಡಿದೆ. ಉಣುಗು ಕಚ್ಚಿದರೆ ಅದರ ವೈರಸ್ ಹೇಗೆ ಒಳಹೊಗುತ್ತದೆ ಎಂದು ಬಲ್ಲ ನರ್ಸ್, ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದಾಗ ಸರಿಯಾದ ಪ್ರಶ್ನೆ ಕೇಳುತ್ತಾರೆ.

ಇನ್ನು ಭಾಷೆ. ಬಿ.ಎಸ್ಸಿ. ನರ್ಸಿಂಗ್ ಕಾಲೇಜಿನಲ್ಲಿ ಪಾಠ, ಪರೀಕ್ಷೆ ಎರಡೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದವರು ಮೊದಲ ವರ್ಷ ತಡವರಿಸುವುದು ಹೆಚ್ಚಾಗಿ ಇಲ್ಲಿಯೇ. ಪಿಯುಸಿಯ ಎರಡು ವರ್ಷ ದಿನಾ ಒಂದು ಪುಟ ಇಂಗ್ಲಿಷ್ ಓದಿ, ಬರೆಯಿರಿ. ಜೊತೆಗೆ ಊರಿನ ಮಾತುಗಳನ್ನು ಬಿಡಬೇಡಿ. ಕನ್ನಡ, ಕೊಂಕಣಿ, ಮರಾಠಿ, ಉರ್ದು, ಲಂಬಾಣಿ ಆಡುವವರೂ ಟಿಬೆಟನ್ನರೂ ಕೂಡಿ ಬಾಳುವ ತಾಲೂಕು ಇದು. ನೋವು ಎಲ್ಲಿ ಎಂದು ಅಜ್ಜಿಯನ್ನು ಅವಳ ಮಾತಿನಲ್ಲೇ ಕೇಳಬಲ್ಲವರು ಆಸ್ಪತ್ರೆಗೆ ದೊಡ್ಡ ಬಲ.

ಆರ್ಟ್ಸ್, ಕಾಮರ್ಸ್ ಓದಿದವರು ಎದೆಗುಂದಬೇಕಿಲ್ಲ. ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ ಅವರಿಗೂ ಉಂಟು, ಇಂಗ್ಲಿಷ್ ಸಹಿತ ಶೇ. 40 ಅಂಕ ಇರಬೇಕು. ಅದು ಮುಗಿದು ನೋಂದಣಿಯಾದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಹುಡುಗಿಯರಿಗೆ ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ಕೋರ್ಸ್ ಕೂಡ ಇದೆ.

ಫೀ ಕಟ್ಟುವ ಮೊದಲು ಕಾಲೇಜಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಮಾನ್ಯ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ ಎಂದು ನೋಡಿಕೊಳ್ಳಿ. ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ ತರಬೇತಿಗೆ ಕಳಿಸುತ್ತಾರೆ, ಅಲ್ಲಿ ಎಷ್ಟು ಹಾಸಿಗೆಗಳಿವೆ ಎಂದೂ ಕೇಳಿ. ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ ಬೇರೆ ಕಾಲೇಜು ಹುಡುಕಿ.